ಶ್ರೀಯುತ ಸಿಯಾಲಿಕ್ ಆಮ್ಲ ಅವರಿಗೊಂದು ಬಹಿರಂಗ ಪತ್ರ

ಗೆ,
ಶ್ರೀಯುತ ಸಿಯಾಲಿಕ್ ಆಮ್ಲ,
ಸಕ್ಕರೆ ಸರಪಳಿಯ ತುತ್ತತುದಿ, ಜೀವಕೋಶದ ಹೊರಮೈ,
ಮೂಗು, ಗಂಟಲು, ಶ್ವಾಸನಾಳ ಹಾಗೂ ಇತರೆಡೆ.

ವಿಷಯ: ಇನ್‌ಫ್ಲುಯೆಂಜಾ ವೈರಸ್ಸಿಗೆ ತಾವು ತಲೆತಲಾಂತರದಿಂದ ನೀಡುತ್ತಿರುವ ಆಸರೆಯ ಬಗ್ಗೆ ವಿವರಣೆ ಕೋರಿ.

ಮಾನ್ಯರೇ,

ತಾವು ವಾಸವಿರುವ ಮೂಗಿನ ಖಾತೆದಾರ ನಾನು. ಮಳೆಗಾಲ ಹಿಡಿಯಿತೆಂದರೆ ನಮ್ಮ ಮನೆಯಲ್ಲಿ ಒಬ್ಬರಾದ ಮೇಲೊಬ್ಬರು ಮಲಗುವುದು ವಾಡಿಕೆ. ಮೊದಲು ಗಂಟಲು ಕೆರೆತ, ಆಮೇಲೆ ಮೈಕೈ ನೋವು, ರಾತ್ರಿ ಹೊತ್ತಿಗೆ ಕಂಬಳಿಯೊಳಗೆ ನಡುಕ. ಜ್ವರ ಇಳಿಯುವ ಮೊದಲೇ ತನಿಖೆ ಶುರುವಾಗುತ್ತದೆ. ಅಮ್ಮನ ಪ್ರಕಾರ ತಪ್ಪು ರಾತ್ರಿ ಉಂಡ ಮೊಸರಿನದು. ಹೆಂಡತಿಯ ಪ್ರಕಾರ ಒದ್ದೆ ತಲೆಯಲ್ಲೇ ಸ್ಕೂಟರ್ ಹತ್ತಿದ ನನ್ನದು. ಮಗಳ ಪ್ರಕಾರ ಬಾಯಿಗೆ ಕೈ ಅಡ್ಡ ಹಿಡಿಯದೆ ಸೀನಿದ ಅವಳ ಸೋದರಮಾವನದು. ಸೀತಾಫಲ, ಫ್ರಿಜ್ಜಿನ ನೀರು, ತಲೆಯ ಮೇಲೆ ತಿರುಗುವ ಫ್ಯಾನು, ಎಲ್ಲರ ಹೆಸರೂ ಬರುತ್ತದೆ. ತಮ್ಮ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ತೆರೆಮರೆಯಲ್ಲಿದ್ದುಕೊಂಡು ಇಷ್ಟು ದೊಡ್ಡ ಸೇವೆ ಸಲ್ಲಿಸುತ್ತಿರುವವರನ್ನು ಹೀಗೆ ಕಡೆಗಣಿಸುವುದು ಸರಿಯಲ್ಲ ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಆರೋಪ ಏನೆಂದು ಮೊದಲು ಹೇಳಿಬಿಡುತ್ತೇನೆ. ಫ್ಲೂ ವೈರಸ್ ಎಂಬುದು ಸುಮಾರು ನೂರು ನ್ಯಾನೋಮೀಟರ್ ಅಗಲದ ಒಂದು ಕೊಬ್ಬಿನ ಚೀಲ. ಅದಕ್ಕೆ ಕಾಲಿಲ್ಲ, ಕಣ್ಣಿಲ್ಲ, ಸ್ವಂತ ಸಂಪಾದನೆಯಿಲ್ಲ. ಯಾರದೋ ಸೀನಿನ ಹನಿಯಲ್ಲಿ ಕೂತು ಬಂದು ನನ್ನ ಮೂಗಿನೊಳಗೆ ಬಿದ್ದರೆ, ಬೇರೆ ಯಾರೂ ಅದನ್ನು ಮಾತಾಡಿಸದಿದ್ದರೆ, ಲೋಳೆಯ ಜತೆ ಗಂಟಲಿಗಿಳಿದು ಹೊಟ್ಟೆ ಸೇರಿ ಅಲ್ಲೇ ಅದರ ಕತೆ ಮುಗಿಯುತ್ತದೆ. ಆದರೆ ಅದರ ಮೈತುಂಬ ಹಿಮಾಗ್ಲುಟಿನಿನ್ ಎಂಬ ಪ್ರೋಟೀನಿನ ಮುಳ್ಳುಗಳಿವೆ, ಒಂದೆರಡಲ್ಲ, ನೂರಾರು. ಮೂರು ಎಳೆ ಹೆಣೆದುಕೊಂಡ ಈ ಮುಳ್ಳಿನ ಆಕಾರವನ್ನು 1981ರಲ್ಲಿ ಡಾನ್ ವೈಲಿ, ಇಯಾನ್ ವಿಲ್ಸನ್, ಜಾನ್ ಸ್ಕೆಹೆಲ್ ಮೂವರೂ ಸೇರಿ ಪರಮಾಣು ಮಟ್ಟದಲ್ಲಿ ಬಿಡಿಸಿ ತೋರಿಸಿದರು. ಎತ್ತರ ಹದಿಮೂರೂವರೆ ನ್ಯಾನೋಮೀಟರ್. ಪ್ರತಿ ಎಳೆಯ ತಲೆಯ ಮೇಲೂ ಒಂದು ಆಳವಿಲ್ಲದ ಕುಳಿ. ಆ ಕುಳಿಯಲ್ಲಿ ಅಳತೆ ತೆಗೆದು ಹೊಲಿಸಿದಂತೆ ಕೂರುವವರು ತಾವು.

ಶಾಲೆಯ ಪುಸ್ತಕಗಳಲ್ಲಿ ಇದಕ್ಕೆ ಬೀಗ ಮತ್ತು ಕೀಲಿಕೈಯ ಚಿತ್ರ ಹಾಕಿರುತ್ತಾರೆ. ತಮಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿಲ್ಲ. ಬೀಗ ಎಂದ ಮೇಲೆ ಸರಿಯಾದ ಕೀಲಿ ಒಂದು ಸಾಕು, ಒಂದು ಸಲ ತಿರುಗಿಸಿದರೆ ಮುಗಿಯಿತು. ತಮ್ಮ ವಿಷಯದಲ್ಲಿ ಹಾಗಿಲ್ಲ. ಒಂದು ಕುಳಿ ಒಬ್ಬ ಸಿಯಾಲಿಕ್ ಆಮ್ಲವನ್ನು ಹಿಡಿಯುವ ಹಿಡಿತ ಎಷ್ಟು ಸಡಿಲವೆಂದರೆ, ಹಿಡಿದ ಮರುಗಳಿಗೆ ಬಿಟ್ಟೇ ಹೋಗುತ್ತದೆ. ವೈರಸ್ಸಿನ ಬಲವಿರುವುದು ಸಂಖ್ಯೆಯಲ್ಲಿ. ಹೊಲದ ಬದುವಿನಲ್ಲಿ ನಡೆದು ಬಂದವನ ಪಂಚೆಗೆ ಉತ್ತರಾಣಿ ಕಾಳು ಹತ್ತಿಕೊಂಡಂತೆ, ಒಂದು ಬಿಟ್ಟರೆ ಹತ್ತು ಹಿಡಿದಿರುತ್ತವೆ. ಅಂದರೆ ತಮ್ಮಲ್ಲಿ ಯಾರೊಬ್ಬರೂ ಒಂಟಿಯಾಗಿ ತಪ್ಪಿತಸ್ಥರಲ್ಲ. ಪ್ರತಿಯೊಬ್ಬರೂ ನಾನು ಬರೇ ಮುಟ್ಟಿದೆ, ಬಿಟ್ಟುಬಿಟ್ಟೆ ಎಂದು ಪ್ರಮಾಣ ಮಾಡಬಹುದು, ಆ ಪ್ರಮಾಣ ನಿಜವೂ ಆಗಿರುತ್ತದೆ. ಇಂಥ ಸಾಮೂಹಿಕ ನಿರಪರಾಧವನ್ನು ನಾನು ಕೆಲವು ಕಚೇರಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ.

ಆಮೇಲಿನದು ಬೇಗ ನಡೆದುಹೋಗುತ್ತದೆ. ಮೈಗೆ ಅಂಟಿದ್ದನ್ನು ಏನೋ ಪೌಷ್ಟಿಕ ಪದಾರ್ಥ ಎಂದುಕೊಂಡು ಜೀವಕೋಶ ಒಳಕ್ಕೆ ನುಂಗುತ್ತದೆ. ನುಂಗಿದ ಚೀಲದೊಳಗೆ ಹುಳಿ ಏರುತ್ತದೆ. ಹುಳಿ ತಾಗಿದ ಹಿಮಾಗ್ಲುಟಿನಿನ್ ಮೈಮುರಿದು ತಿರುವಿಕೊಂಡು, ವೈರಸ್ಸಿನ ಪೊರೆಯನ್ನೂ ಚೀಲದ ಪೊರೆಯನ್ನೂ ಬೆಸೆಯುತ್ತದೆ. ಒಳಗಿದ್ದ ಆರ್‌ಎನ್‌ಎಯ 8 ತುಂಡುಗಳು ಹೊರಬಿದ್ದು ಕೋಶಕೇಂದ್ರದ ಕಡೆ ಹೊರಡುತ್ತವೆ. ಅಷ್ಟು ಹೊತ್ತಿಗೆ ತಾವು ಹೊರಗೆ ಏನೂ ಆಗದವರಂತೆ ನಿಂತಿರುತ್ತೀರಿ.

ತಾವು ಸಿಕ್ಕಿಬಿದ್ದದ್ದು ಹೇಗೆಂದು ತಮಗೂ ಗೊತ್ತಿರಲಿ. 1941ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಪ್ರತಿಷ್ಠಾನದ ಪ್ರಯೋಗಾಲಯದಲ್ಲಿ ಜಾರ್ಜ್ ಹರ್ಸ್ಟ್ ಎಂಬ ವೈದ್ಯ ಕೋಳಿಮೊಟ್ಟೆಯೊಳಗೆ ಫ್ಲೂ ವೈರಸ್ ಬೆಳೆಸುತ್ತಿದ್ದ. ಮರಿ ಕಟ್ಟುತ್ತಿದ್ದ ಮೊಟ್ಟೆಯಿಂದ ದ್ರವ ತೆಗೆಯುವಾಗ ರಕ್ತನಾಳ ಹರಿದು ರಕ್ತ ಬೆರೆಯಿತು. ಸುಮ್ಮನೆ ಬೆರೆಯಬೇಕಿದ್ದ ಕೆಂಪು ಕಣಗಳು ಗಂಟುಗಂಟಾದವು. ಇನ್ನೊಬ್ಬರಾಗಿದ್ದರೆ ಕೊಳಕಾಯಿತೆಂದು ಬಚ್ಚಲಿಗೆ ಸುರಿಯುತ್ತಿದ್ದರು. ಹರ್ಸ್ಟ್ ಸುರಿಯಲಿಲ್ಲ. ಒಂದೇ ವೈರಸ್ಸು ಎರಡು ರಕ್ತಕಣಗಳ ಮೇಲಿನ ಸಕ್ಕರೆಯನ್ನು ಏಕಕಾಲಕ್ಕೆ ಹಿಡಿದರೆ ಕಣಗಳೆಲ್ಲ ಒಂದಕ್ಕೊಂದು ಕಟ್ಟಿಕೊಳ್ಳುತ್ತವೆ. ಅದೇ ವರ್ಷ ಕೆನಡಾದಲ್ಲೂ ಇಬ್ಬರು ಇದನ್ನೇ ಕಂಡರು.

ಆ ಪರೀಕ್ಷೆ ಇವತ್ತಿಗೂ ನಡೆಯುತ್ತದೆ, ನೋಡಲು ಬಲು ಚಂದ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಪುಟ್ಟ ಗುಳಿಗಳು. ಮೊದಲ ಗುಳಿಯಲ್ಲಿ ವೈರಸ್ಸಿನ ದ್ರವ, ಮುಂದಿನದರಲ್ಲಿ ಅದರ ಅರ್ಧ, ಅದರ ಮುಂದಿನದರಲ್ಲಿ ಅರ್ಧದರ್ಧ. ಎಲ್ಲದಕ್ಕೂ ಒಂದಿಷ್ಟು ನೀರು ನೀರಾದ ಕೋಳಿರಕ್ತದ ಕಣ ಬಿಟ್ಟು ಅರ್ಧ ಗಂಟೆ ಅಲ್ಲಾಡಿಸದೆ ಇಡುತ್ತಾರೆ. ವೈರಸ್ಸಿಲ್ಲದ ಗುಳಿಯಲ್ಲಿ ಕಣಗಳು ಇಳಿಜಾರಿನಲ್ಲಿ ಜಾರಿ ತಳದ ನಟ್ಟನಡುವೆ ಒಂದು ಅಚ್ಚುಕಟ್ಟಾದ ಕೆಂಪು ಚುಕ್ಕಿಯಾಗುತ್ತವೆ. ತಟ್ಟೆ ವಾಲಿಸಿದರೆ ಆ ಚುಕ್ಕಿ ಬಾಲ ಬಿಟ್ಟು ಕೆಳಕ್ಕೆ ಹರಿಯುತ್ತದೆ. ವೈರಸ್ಸಿದ್ದ ಗುಳಿಯಲ್ಲಿ ಚುಕ್ಕಿ ಇಲ್ಲ, ಗುಳಿಯ ಗೋಡೆಗೆಲ್ಲ ತೆಳು ಗುಲಾಬಿ ಹಚ್ಚಿಕೊಂಡು ಕೂತಿರುತ್ತದೆ, ವಾಲಿಸಿದರೂ ಕದಲುವುದಿಲ್ಲ. ಯಾವ ಗುಳಿಯವರೆಗೆ ಗುಲಾಬಿ, ಎಲ್ಲಿಂದ ಚುಕ್ಕಿ ಎಂದು ಬರಿಗಣ್ಣಲ್ಲಿ ಎಣಿಸಿದರೆ ವೈರಸ್ಸಿನ ಲೆಕ್ಕ ಸಿಕ್ಕಿತು. ತಾವು ಮತ್ತು ವೈರಸ್ಸು ಕೈ ಕೈ ಹಿಡಿದದ್ದಕ್ಕೆ ಇದಕ್ಕಿಂತ ಬಹಿರಂಗವಾದ ಸಾಕ್ಷಿ ಇನ್ನೇನು ಬೇಕು?

ಮರುವರ್ಷ ಹರ್ಸ್ಟ್ ಕಂಡದ್ದು ಇನ್ನೂ ವಿಚಿತ್ರ. ತಣ್ಣಗಿದ್ದಾಗ ರಕ್ತಕಣಕ್ಕೆ ಅಂಟಿದ್ದ ವೈರಸ್ಸು, ಮೈಬಿಸಿಯಷ್ಟು ಬೆಚ್ಚಗೆ ಮಾಡಿದೊಡನೆ ತಾನಾಗಿ ಕಳಚಿಕೊಂಡಿತು. ಕಳಚಿಕೊಂಡ ವೈರಸ್ಸಿಗೆ ಹೊಸ ಕಣಗಳನ್ನು ಕೊಟ್ಟರೆ ಮತ್ತೆ ಹಿಡಿಯುತ್ತಿತ್ತು. ಆದರೆ ಒಮ್ಮೆ ಹಿಡಿಸಿಕೊಂಡು ಬಿಡಿಸಿಕೊಂಡ ಕಣಗಳನ್ನು ಯಾವ ವೈರಸ್ಸೂ ಮತ್ತೆ ಹಿಡಿಯಲಿಲ್ಲ. ಹೋಗುವವನು ಏನನ್ನೋ ಕಿತ್ತುಕೊಂಡು ಹೋಗಿದ್ದ! ಮೆಲ್ಬರ್ನಿನಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ ತಂಡ ಕಾಲರಾ ಬ್ಯಾಕ್ಟೀರಿಯಾ ಬೆಳೆದ ರಸದಲ್ಲೂ ಇದೇ ಕೆಲಸ ಮಾಡುವ ಕಿಣ್ವವನ್ನು ಪತ್ತೆ ಹಚ್ಚಿತು. ಅಲ್ಲೇ ಇದ್ದ ಆಲ್ಫ್ರೆಡ್ ಗಾಟ್‌ಶಾಲ್ಕ್, ಕಿತ್ತುಹೋದದ್ದು ಏನೆಂದು ಬೆನ್ನುಹತ್ತಿ ಹೋದಾಗ ಸಿಕ್ಕವರು ತಾವು. ಅಷ್ಟರಲ್ಲಾಗಲೇ ಸ್ವೀಡನ್ನಿನ ಗುನ್ನಾರ್ ಬ್ಲಿಕ್ಸ್ ತಮ್ಮನ್ನು 1936ರಲ್ಲಿ ಹಸುವಿನ ಜೊಲ್ಲುಗ್ರಂಥಿಯ ಲೋಳೆಯಿಂದ ಹರಳಾಗಿಸಿ ತೆಗೆದಿದ್ದ, ವೈರಸ್ಸಿಗೂ ತಮಗೂ ಇರುವ ಸಂಬಂಧ ಮಾತ್ರ ಅವನಿಗೆ ಗೊತ್ತಿರಲಿಲ್ಲ.

ತಮ್ಮನ್ನು ಹೀಗೆ ಕಿತ್ತುಕೊಂಡು ಹೋಗುವ ಆ ಕಿಣ್ವದ ಕತ್ತರಿಗೆ ನ್ಯೂರಾಮಿನಿಡೇಸ್ ಎಂದು ಹೆಸರು. ಎಚ್1ಎನ್1, ಎಚ್5ಎನ್1 ಎಂದು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಎಚ್ ಹಿಡಿಯುವ ಕೈಯಾದರೆ ಎನ್ ಈ ಕತ್ತರಿ. ಜೀವಕೋಶದೊಳಗೆ ಮರಿ ಮಾಡಿದ ವೈರಸ್ಸುಗಳು ಹೊರಗೆ ಬಂದಾಗ ಅದೇ ಕೋಶದ ಮೈಮೇಲೆ ತಾವು ಮತ್ತೆ ಎದುರಾಗಿ, ಹಿಡಿದು ನಿಲ್ಲಿಸಿಬಿಡುತ್ತೀರಿ. ಆದ್ದರಿಂದ ಹೊರಡುವ ಮುನ್ನ ತಮ್ಮನ್ನೇ ಕತ್ತರಿಸಿ ಹಾಕುತ್ತವೆ. ಉಂಡ ಮನೆಯ ಜಂತೆ ಎಣಿಸುವವರನ್ನು ನಾವು ಸಾಕಷ್ಟು ಕಂಡಿದ್ದೇವೆ. ಇವರು ಜಂತೆಯನ್ನೇ ಕಿತ್ತುಕೊಂಡು ಹೋಗುವವರು. ಇಷ್ಟಾದ ಮೇಲೂ ಕೆಲವೇ ದಿನಗಳಲ್ಲಿ ತಾವು ಮತ್ತೆ ಚಿಗುರಿ ಮುಂದಿನ ಸೀನಿಗೆ ಸಿದ್ಧರಾಗುತ್ತೀರಿ. ಸ್ವಾಭಿಮಾನ ಎಂಬುದು ಸಕ್ಕರೆಗೆ ಇರುವುದಿಲ್ಲವೇನೋ.

ಹೋಗಲಿ, ತಮ್ಮ ಈ ಅಪಮಾನದಿಂದ ನಮಗೆ ಒಂದು ಲಾಭವಾಯಿತು. 1983ರಲ್ಲಿ ಆಸ್ಟ್ರೇಲಿಯಾದ ಪೀಟರ್ ಕೋಲ್ಮನ್ ತಂಡ ಆ ಕತ್ತರಿಯ ರಚನೆ ಬಿಡಿಸಿತು. ತಮ್ಮಂತೆಯೇ ಕಾಣುವ, ಆದರೆ ಕತ್ತರಿಯ ಬಾಯಿಗೆ ಸಿಕ್ಕಿ ಹೊರಬರದ ಅಣುಗಳನ್ನು ರಸಾಯನಶಾಸ್ತ್ರಜ್ಞರು ತಯಾರಿಸಿದರು. ಝನಾಮಿವಿರ್, ಒಸೆಲ್ಟಾಮಿವಿರ್ ಎರಡೂ 1999ರಲ್ಲಿ ಮಾರುಕಟ್ಟೆಗೆ ಬಂದವು. ಎರಡನೆಯದು, ಅಂದರೆ ಟ್ಯಾಮಿಫ್ಲೂ, ನಮ್ಮ ಬಿರಿಯಾನಿಯ ಚಕ್ರಮೊಗ್ಗಿನಿಂದ ತೆಗೆದ ಶಿಕಿಮಿಕ್ ಆಮ್ಲದಿಂದ ತಯಾರಾಗುತ್ತಿತ್ತು. 2005ರ ಹಕ್ಕಿಜ್ವರದ ಭಯಕ್ಕೆ ಜಗತ್ತಿನ ಸರ್ಕಾರಗಳೆಲ್ಲ ಗುಳಿಗೆ ಕೂಡಿಡಲು ಹೊರಟಾಗ ಚಕ್ರಮೊಗ್ಗಿಗೇ ತತ್ವಾರವಾಯಿತು. (ಚಕ್ರಮೊಗ್ಗಿನ ಕಷಾಯ ಕುಡಿದರೆ ಫ್ಲೂ ಹೋಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಬರೀ ಕಚ್ಚಾಮಾಲು. ಹತ್ತಿ ಹೊದ್ದರೆ ಅಂಗಿಯಾಗುವುದಿಲ್ಲ.)

ಈಗ ತಮ್ಮನ್ನು ಸೇವೆಯಿಂದ ವಜಾ ಮಾಡುವ ಪ್ರಸ್ತಾಪಕ್ಕೆ ಬರುತ್ತೇನೆ. ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಮೂಗು ಗಂಟಲಿನಲ್ಲಿ ತಮ್ಮನ್ನು ಬೋಳಿಸಿಹಾಕುವ ಕಿಣ್ವವನ್ನೇ ಔಷಧವಾಗಿ ಉಸಿರಿನಲ್ಲಿ ಎಳೆದುಕೊಳ್ಳುವ ಪ್ರಯೋಗ ಜನರ ಮೇಲೆಯೇ ನಡೆದಿದೆ. ಡಿಎಎಸ್181 ಎಂದು ಅದರ ಹೆಸರು. ವೈರಸ್ಸಿನ ಕತ್ತರಿಯ ಕೆಲಸವನ್ನು ವೈರಸ್ಸಿಗಿಂತ ಮೊದಲೇ ನಾವು ಮಾಡಿ ಮುಗಿಸುವ ಉಪಾಯ. ಪರೀಕ್ಷೆಯಲ್ಲಿ ರೋಗಿಗಳ ವೈರಸ್ ಪ್ರಮಾಣವೂ ತಗ್ಗಿತು. ಆದರೆ ಇದೆಲ್ಲ ಉಸಿರಿನ ದಾರಿಯಲ್ಲಿ, ಸ್ವಲ್ಪ ದಿನದ ಮಟ್ಟಿಗೆ. ಪೂರ್ತಿ ವಜಾ ಮಾಡಲು ಹೊರಟು ತಮ್ಮ ಸೇವಾ ಪುಸ್ತಕ ತೆರೆದರೆ ಗಾಬರಿಯಾಗುತ್ತದೆ. ಕೆಂಪು ರಕ್ತಕಣಗಳು ಒಂದಕ್ಕೊಂದು ಅಂಟದೆ ಹರಿದಾಡುವುದು ತಮ್ಮ ಋಣ ವಿದ್ಯುದಂಶದಿಂದ. ರಕ್ತದಲ್ಲಿ ತೇಲುವ ಎಷ್ಟೋ ಪ್ರೋಟೀನುಗಳ ತುದಿಯಿಂದ ತಾವು ಉದುರಿದರೆ, ಯಕೃತ್ತು ಅವುಗಳನ್ನು ಹಳೆಯ ಸಾಮಾನೆಂದು ಹಿಡಿದು ನುಂಗಿಬಿಡುತ್ತದೆ. ಮೈಯ ರಕ್ಷಣಾ ಪಡೆ ಇದು ನಮ್ಮವನೋ ಪರಕೀಯನೋ ಎಂದು ನೋಡುವಾಗ ತಮ್ಮ ಮುಖ ಕಂಡು ಬಿಟ್ಟುಬಿಡುತ್ತದೆ. ಇದನ್ನು ಕಂಡ ಮಿದುಳಿನ ಪೊರೆ ಜ್ವರದ ಬ್ಯಾಕ್ಟೀರಿಯಾದ ಕೆಲವು ತಳಿಗಳು ತಮ್ಮದೇ ವೇಷ ತೊಟ್ಟು ಓಡಾಡುತ್ತವೆ. ಮಿದುಳಿನ ನರಕೋಶಗಳ ಪೊರೆಯಲ್ಲಿ ತಾವಿದ್ದೀರಿ, ಎದೆಹಾಲಿನಲ್ಲಿದ್ದೀರಿ, ನಾವು ಬೆಲ್ಲ ಏಲಕ್ಕಿ ಹಾಕಿ ತಿನ್ನುವ ಗಿಣ್ಣಿನಲ್ಲಂತೂ ಧಾರಾಳವಾಗಿದ್ದೀರಿ. ತಮ್ಮನ್ನು ತಯಾರಿಸಲು ಬೇಕಾದ ಜೀನನ್ನು ಇಲಿಗಳಲ್ಲಿ ತೆಗೆದು ನೋಡಿದ್ದಾರೆ. ಮರಿ ಹುಟ್ಟಲೇ ಇಲ್ಲ, ಭ್ರೂಣದಲ್ಲೇ ಸತ್ತಿತು.

ಈಗ ಅರ್ಥವಾಗುತ್ತಿದೆ ವೈರಸ್ಸಿನ ಜಾಣತನ. ಮನುಷ್ಯ ಬಿಟ್ಟುಕೊಡಬಲ್ಲ ವಸ್ತುವಿಗೆ ಅದು ಕೈ ಹಾಕಲಿಲ್ಲ. ತೆಗೆದರೆ ಮನೆಯೇ ಕುಸಿಯುವ ಕಂಬವನ್ನು ಹುಡುಕಿ ಹಿಡಿದುಕೊಂಡಿತು. ಅಷ್ಟೇ ಅಲ್ಲ, ತಮ್ಮನ್ನು ಹಿಡಿಯುವ ಕುಳಿಯನ್ನು ಎಷ್ಟು ಚಿಕ್ಕದಾಗಿ ಇಟ್ಟುಕೊಂಡಿದೆಯೆಂದರೆ, ನಮ್ಮ ಪ್ರತಿಕಾಯಗಳು ಹಿಡಿಯಲು ಬಂದರೆ ಕುಳಿಯ ಸುತ್ತಲಿನ ಅಂಚಿಗೂ ಕೈ ತಾಗುತ್ತದೆ. ಒಳಗಿನ ಕುಳಿಯನ್ನು ಹೆಚ್ಚು ಕೆಡಿಸಿಕೊಳ್ಳದೆ ಅಂಚನ್ನಷ್ಟೇ ವರ್ಷ ವರ್ಷ ಬದಲಿಸುತ್ತ ತಪ್ಪಿಸಿಕೊಳ್ಳುತ್ತದೆ. ಹಾಗಾಗಿಯೇ ಫ್ಲೂ ಲಸಿಕೆ ಪ್ರತಿ ವರ್ಷವೂ ಹೊಸದು.

ಆ ಲಸಿಕೆಯ ಕತೆಯಲ್ಲೂ ತಮ್ಮ ಕೈವಾಡವಿದೆ. ಬಹುಪಾಲು ಫ್ಲೂ ಲಸಿಕೆ ತಯಾರಾಗುವುದು ಇಂದಿಗೂ ಕೋಳಿಮೊಟ್ಟೆಯಲ್ಲಿ. ಮನುಷ್ಯನ ವೈರಸ್ಸನ್ನು ಮೊಟ್ಟೆಗೆ ಹಾಕಿದರೆ ಅಲ್ಲಿ ಸಿಗುವ ಸಿಯಾಲಿಕ್ ಆಮ್ಲದ ಜೋಡಣೆಯೇ ಬೇರೆ. ಬದುಕಬೇಕಲ್ಲ, ವೈರಸ್ಸು ತನ್ನ ಕುಳಿಯ ಆಸುಪಾಸನ್ನು ಮೊಟ್ಟೆಗೆ ಹೊಂದುವಂತೆ ತಿದ್ದಿಕೊಳ್ಳುತ್ತದೆ. ಎಚ್3ಎನ್2 ವಿಷಯದಲ್ಲಿ ಹೀಗೆ ತಿದ್ದಿಕೊಂಡ ವೈರಸ್ಸಿನ ಲಸಿಕೆ ಚುಚ್ಚಿಸಿಕೊಂಡವರ ಪ್ರತಿಕಾಯಗಳು, ಊರಲ್ಲಿ ಓಡಾಡುವ ಅಸಲಿ ವೈರಸ್ಸನ್ನು ಸರಿಯಾಗಿ ಗುರುತಿಸದೆ ಹೋದದ್ದುಂಟು. ಕೋಳಿಗೆ ಒಗ್ಗಿದ ಫ್ಲೂ ವಿರುದ್ಧ ಮನುಷ್ಯನಿಗೆ ರಕ್ಷಣೆ. ಇದೇ ಎಚ್3ಎನ್2 ಮನುಷ್ಯರ ನಡುವೆ ಓಡಾಡಿ ಓಡಾಡಿ ಕೋಳಿರಕ್ತದ ರುಚಿಯನ್ನೇ ಮರೆತು, ಮೇಲೆ ಹೇಳಿದ ತಟ್ಟೆ ಪರೀಕ್ಷೆಗೆ ಕೋಳಿಯ ಬದಲು ಗಿನಿ ಪಿಗ್ ರಕ್ತ ಹುಡುಕುವಂತಾಯಿತು.

ಜೋಡಣೆಯ ಮಾತು ಬಂತು. ನನ್ನ ಅಸಲಿ ಅಹವಾಲು ಇರುವುದು ಇಲ್ಲೇ. ತಾವು ಎಲ್ಲ ಪ್ರಾಣಿಗಳಲ್ಲೂ ಒಂದೇ ಭಂಗಿಯಲ್ಲಿ ನಿಲ್ಲುವುದಿಲ್ಲ. ತಮ್ಮ ಕೆಳಗಿರುವ ಗ್ಯಾಲಕ್ಟೋಸ್ ಸಕ್ಕರೆಯ ಮೂರನೇ ಇಂಗಾಲಕ್ಕೆ ತಾವು ಅಂಟಿಕೊಂಡರೆ ಅದು 2,3 ಜೋಡಣೆ, ನೆಟ್ಟಗೆ ನಿಲ್ಲುವ ಭಂಗಿ. ಆರನೇ ಇಂಗಾಲಕ್ಕೆ ಅಂಟಿಕೊಂಡರೆ 2,6, ಬಾಗಿ ಹರಡಿಕೊಳ್ಳುವ ಭಂಗಿ. ಬಾತುಕೋಳಿಯ ಕರುಳಿನಲ್ಲಿ 2,3. ನಮ್ಮ ಮೂಗು, ಗಂಟಲು, ದೊಡ್ಡ ಶ್ವಾಸನಾಳಗಳಲ್ಲಿ ಹೆಚ್ಚಾಗಿ 2,6. ಈ ಬಾಗಿದ ಉದ್ದ ಸರಪಳಿಯ ಆಕಾರವೇ ಮನುಷ್ಯನ ಫ್ಲೂಗೆ ಬೇಕಾದ ಗುರುತೆಂದು 2008ರಲ್ಲಿ ವಾದಿಸಿದ ಪ್ರಬಂಧದ ಲೇಖಕರಲ್ಲಿ ಎಂಐಟಿಯ ರಾಮ್ ಶಶಿಶೇಖರನ್ ಇದ್ದರು. ಜತೆಗೆ, ಜಿ.ಎನ್. ರಾಮಚಂದ್ರನ್ ಅವರೊಡನೆ ಪ್ರೋಟೀನಿನ ತಿರುವುಗಳ ನಕ್ಷೆ ಬರೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ವಿ. ಶಶಿಶೇಖರನ್ ಕೂಡ ಇದ್ದರು.

ಹಕ್ಕಿಜ್ವರದ ವೈರಸ್ಸು ಹಿಡಿಯುವುದು ನೆಟ್ಟಗೆ ನಿಂತವರನ್ನು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಮೊದಲ ಸಲ ಮನುಷ್ಯರಿಗೆ ತಗುಲಿ 18 ಜನರಲ್ಲಿ 6 ಜನ ಸತ್ತರು. ಆದರೂ ಅದು ಊರಿಂದೂರಿಗೆ ಹರಡಲಿಲ್ಲ. 2012ರಲ್ಲಿ ನಮ್ಮ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಸಂಸ್ಥೆಯಲ್ಲಿ ಟರ್ಕಿ ಕೋಳಿಗಳು ಸಾಲಾಗಿ ಸತ್ತಾಗಲೂ ಬೆಂಗಳೂರು ಕೆಮ್ಮಲಿಲ್ಲ. ಏಕೆಂದು 2006ರಲ್ಲೇ ಎರಡು ತಂಡಗಳು ತೋರಿಸಿದ್ದವು. ಹಕ್ಕಿಯ ಬಗೆಯ 2,3 ನಮ್ಮಲ್ಲೂ ಇದೆ, ಆದರೆ ಬಹುಪಾಲು ಶ್ವಾಸಕೋಶದ ಆಳದಲ್ಲಿ, ಗಾಳಿಗೂಡುಗಳ ಗೋಡೆಯಲ್ಲಿ. ಅಲ್ಲಿವರೆಗೆ ಇಳಿದ ವೈರಸ್ಸು ರೋಗಿಯನ್ನು ಕೊಲ್ಲಬಹುದು. ಆದರೆ ಅಷ್ಟು ಆಳದಿಂದ ಮೇಲೆ ಬಂದು ಸೀನಿನಲ್ಲಿ ಇನ್ನೊಬ್ಬನ ಮೂಗಿಗೆ ಹೋದರೂ ಅಲ್ಲಿ ಹಿಡಿಯಲು ಸರಿಯಾದ ಆಸರೆಯಿಲ್ಲ.

ಇದನ್ನು ತಿರುವುಮುರುವಾಗಿಯೂ ನೋಡಿದ್ದಾರೆ. 1918ರ ಫ್ಲೂ, ಬೊಂಬಾಯಿ ಬಂದರಿನಲ್ಲಿ ಇಳಿದು ಈ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಒಯ್ದ ಫ್ಲೂ, ಅದರ ವೈರಸ್ಸನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2005ರಲ್ಲಿ ಪ್ರಯೋಗಾಲಯದಲ್ಲಿ ಮತ್ತೆ ಕಟ್ಟಿತು. 2007ರಲ್ಲಿ ಅದರ ಹಿಮಾಗ್ಲುಟಿನಿನ್‌ನಲ್ಲಿ ಎರಡೇ ಎರಡು ಅಮೈನೋ ಆಮ್ಲ ಬದಲಿಸಿ, 2,6 ಬಿಟ್ಟು 2,3 ಹಿಡಿಯುವಂತೆ ಮಾಡಿದರು. ಫ್ಲೂ ವಿಷಯದಲ್ಲಿ ಮನುಷ್ಯನನ್ನು ಬಹಳ ಹೋಲುವ ಫೆರೆಟ್ ಎಂಬ ಪ್ರಾಣಿಗೆ ಅದನ್ನು ಕೊಟ್ಟರು. ತಗುಲಿಸಿಕೊಂಡ ಫೆರೆಟ್‌ಗಳ ಕಾಯಿಲೆಯ ಉಗ್ರತೆ ಕಡಿಮೆಯಾಗಲಿಲ್ಲ. ಪಕ್ಕದ ಗೂಡಿನ ಫೆರೆಟ್‌ಗೆ ಮಾತ್ರ ಹಬ್ಬಲಿಲ್ಲ. ಒಂದು ಊರಿನ ಸಾವಿಗೂ ಒಂದು ಖಂಡದ ಸಾವಿಗೂ ನಡುವೆ ನಿಂತದ್ದು ತಮ್ಮ ಸೊಂಟದ ಬಾಗು.

ಹಾಗೆಂದು ತಾವು ಬೀಗಬೇಕಿಲ್ಲ. 1957, 1968ರ ಮಹಾಮಾರಿಗಳಲ್ಲಿ ಹಕ್ಕಿಯ ಹಿಮಾಗ್ಲುಟಿನಿನ್ 226 ಮತ್ತು 228ನೇ ಸ್ಥಾನಗಳಲ್ಲಿ ಎರಡು ಬದಲಾವಣೆ ಮಾಡಿಕೊಂಡು ತಮ್ಮ ಬಾಗನ್ನು ಕಲಿತುಬಿಟ್ಟಿತು. 2024ರ ಮಾರ್ಚ್‌ನಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ಎಚ್5ಎನ್1 ಸಿಕ್ಕಿತು. ಹಸುವಿನ ಕೆಚ್ಚಲಿನಲ್ಲಿ ಹಕ್ಕಿ ಬಗೆಯ ಸಿಯಾಲಿಕ್ ಆಮ್ಲ ತುಂಬಿಕೊಂಡಿದೆಯೆಂದು ನಮಗೆ ಹೊಳೆದದ್ದು ಹಾಲು ಗಟ್ಟಿಯಾಗಿ ಹಳದಿ ಬಣ್ಣಕ್ಕೆ ತಿರುಗಿದ ಮೇಲೆ. ಆ ವರ್ಷದ ಡಿಸೆಂಬರಿನಲ್ಲಿ ಬಂದ ಅಧ್ಯಯನವೊಂದು ಇನ್ನೂ ಚಿಂತೆಯದು. ಆ ವೈರಸ್ಸಿನ ಹಿಮಾಗ್ಲುಟಿನಿನ್‌ಗೆ 2,3ರಿಂದ 2,6ಕ್ಕೆ ಒಲಿಯಲು ಎರಡಲ್ಲ, 226ರಲ್ಲಿ ಒಂದೇ ಬದಲಾವಣೆ ಸಾಕು. ಇದನ್ನು ನೋಡಿದ್ದು ಬಿಡಿ ಪ್ರೋಟೀನಿನಲ್ಲಿ, ಜೀವಂತ ವೈರಸ್ಸಿನಲ್ಲಲ್ಲ. ಹಿಡಿಯುವುದು ಬಂದ ಮಾತ್ರಕ್ಕೆ ಹರಡುವುದೂ ಬರುತ್ತದೆಂದಲ್ಲ, ಬೇರೆ ಬದಲಾವಣೆಗಳೂ ಬೇಕು. ಇಷ್ಟಾದರೂ ಅಮೆರಿಕದಲ್ಲಿ ಕೆಲವರು ಹಸಿ ಹಾಲೇ ಆರೋಗ್ಯಕ್ಕೆ ಒಳ್ಳೆಯದೆಂದು ಹಟ ಹಿಡಿದು ಕುಡಿಯುತ್ತಿದ್ದಾರೆ. ವೈರಸ್ಸಿಗೆ ಅಭ್ಯಾಸ ಮಾಡಿಸಲು ಅಷ್ಟು ಮುತುವರ್ಜಿ ವಹಿಸುವವರಿರುವಾಗ ತಮ್ಮೊಬ್ಬರಿಂದ ವಿವರಣೆ ಕೇಳುವುದು ಪಕ್ಷಪಾತವೆಂದು ನನಗೂ ಅನ್ನಿಸುತ್ತಿದೆ.

ತಾವಿಲ್ಲದಿದ್ದರೆ ಜಗತ್ತೇ ನಡೆಯದೆಂಬ ಭ್ರಮೆ ಬೇಡ ಎನ್ನುವುದಕ್ಕೆ ಇನ್ನೊಂದು ಮಾತು. ಗ್ವಾಟೆಮಾಲ, ಪೆರು ದೇಶಗಳ ಬಾವಲಿಗಳಲ್ಲಿ ಸಿಕ್ಕ ಎಚ್17, ಎಚ್18 ಫ್ಲೂಗಳು ತಮ್ಮ ಗೊಡವೆಗೇ ಹೋಗುವುದಿಲ್ಲ. ಅವು ಹಿಡಿಯುವುದು ರೋಗನಿರೋಧಕ ಕೋಶಗಳ ಎಂಎಚ್‌ಸಿ-2 ಎಂಬ ಪ್ರೋಟೀನನ್ನು. ಪೊಲೀಸರ ಬೆಲ್ಟನ್ನೇ ಹಿಡಿದು ಠಾಣೆಗೆ ನುಗ್ಗುವವರೂ ಇದ್ದಾರೆ, ತಿಳಿದಿರಲಿ.

ಮೇಲಿನ ಎಲ್ಲವನ್ನೂ ಪರಿಗಣಿಸಿ ಈ ಕೆಳಕಂಡಂತೆ ಆದೇಶಿಸಲಾಗಿದೆ. ತಮ್ಮ ವಜಾ ಪ್ರಸ್ತಾಪವನ್ನು ಕೈಬಿಡಲಾಗಿದೆ. ಮುಂದಿನ ಆದೇಶದವರೆಗೆ ಮೂಗು ಗಂಟಲಿನಲ್ಲಿ 2,6 ಜೋಡಣೆಯ ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು. ಶ್ವಾಸಕೋಶದ ಆಳದಲ್ಲಿರುವ 2,3 ಸಿಬ್ಬಂದಿಯಿಂದ ಮೇಲಿನ ಮಹಡಿಗೆ ವರ್ಗಾವಣೆ ಕೋರಿಕೆ ಬಂದರೆ ಪರಿಶೀಲಿಸುವುದಿಲ್ಲ. ಸೀನುವವರಿಗೆ ಬಾಗಿಲು ತೆರೆಯುವ ವಿಷಯದಲ್ಲಿ ತಮಗೆ ನೋಟಿಸ್ ಕೊಟ್ಟು ಪ್ರಯೋಜನವಿಲ್ಲವೆಂದು ಮನಗಂಡು, ನಾನು ಈ ವರ್ಷದ ಚುಚ್ಚುಮದ್ದು ಹಾಕಿಸಿಕೊಂಡಿದ್ದೇನೆ, ಕೋಳಿಮೊಟ್ಟೆಯದೇ.

ಇಂತಿ,
ಮೂಗಿನ ಖಾತೆದಾರ

ಪ್ರತಿಗಳು: ಬಾತುಕೋಳಿಯ ಕರುಳಿನ ಶಾಖೆಗೆ, ಮಾಹಿತಿಗಾಗಿ. ಹಸುವಿನ ಕೆಚ್ಚಲಿನ ಶಾಖೆಗೆ, ತುರ್ತು ಗಮನಕ್ಕಾಗಿ. ನನ್ನ ಭಾವಮೈದುನನಿಗೆ, ಕರವಸ್ತ್ರದ ಸಮೇತ.